ಹಲ್ಲು ಕೊರೆಯುವ ಯಂತ್ರದ ನೀರು ಎಷ್ಟು ಶುದ್ಧ?

ಹಲ್ಲುನೋವು ತಡೆಯಲಾರದೆ ಕಾಸರಗೋಡು ಪೇಟೆಗೋ, ತಲಪಾಡಿ ದಾಟಿ ಮಂಗಳೂರಿಗೋ ಓಡುವವರು ಮೊದಲು ಕೇಳುವುದು, ‘ಡಾಕ್ಟ್ರೇ, ಎಷ್ಟಾಗ್ತದೆ?’ ಸೂಜಿ ಹೊಸತಾ ಎಂದು ವಿಚಾರಿಸುವವರೂ ಉಂಟು. ಆದರೆ ಹಲ್ಲು ಕೊರೆಯುವಾಗ ಬಾಯಿಗೆ ಚಿಮ್ಮುವ ನೀರು ಎಂಥದ್ದು ಎಂದು ಕೇಳುವವರು ಅಪರೂಪ.

ಆ ಯಂತ್ರದೊಳಗಿನ ಪ್ಲಾಸ್ಟಿಕ್ ಕೊಳವೆಗಳು ಬಲು ಸಪೂರ. ರಾತ್ರಿಯಿಡೀ, ರಜಾದಿನಗಳಲ್ಲಿ ನೀರು ಅದರಲ್ಲೇ ನಿಂತಿರುತ್ತದೆ. ಬಾವಿಕಟ್ಟೆಗೆ ಪಾಚಿ ಹಿಡಿಯುವ ಹಾಗೆ ಕೊಳವೆಯೊಳಗೆ ಬ್ಯಾಕ್ಟೀರಿಯಾಗಳ ಲೋಳೆ ಕಟ್ಟುತ್ತದೆ. ಯಂತ್ರ ಚಾಲೂ ಆದೊಡನೆ ಅವು ನೀರಿನ ಜತೆ ರೋಗಿಯ ಬಾಯಿ ಸೇರುತ್ತವೆ.

ಇದರಿಂದ ಕಾಯಿಲೆ ಬೀಳುವುದು ಅಪರೂಪ. ಆದರೆ ಬಿದ್ದ ಉದಾಹರಣೆಗಳಿವೆ. 2011ರಲ್ಲಿ ಇಟಲಿಯಲ್ಲಿ 82 ವರ್ಷದ ಮಹಿಳೆಯೊಬ್ಬರು ಲೀಜಿಯೊನೆಲ್ಲಾ ರೋಗಾಣುವಿನಿಂದ ನ್ಯುಮೋನಿಯಾ ತಗಲಿ ತೀರಿಕೊಂಡರು. ಅವರು ಹೋಗಿದ್ದ ದಂತ ಚಿಕಿತ್ಸಾಲಯದ ನೀರಿನಲ್ಲೂ ಅದೇ ರೋಗಾಣು ಸಿಕ್ಕಿತು. 2016ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಲುಹಲ್ಲಿನ ತಿರುಳಿಗೆ ಚಿಕಿತ್ಸೆ ಪಡೆದ ಹತ್ತಾರು ಮಕ್ಕಳಿಗೆ ಸೋಂಕಾಗಿ, ಆಸ್ಪತ್ರೆ ಸೇರಬೇಕಾಯಿತು.

ಪ್ರತಿ ರೋಗಿಯ ನಂತರ 20ರಿಂದ 30 ಸೆಕೆಂಡು ನೀರು ಹರಿಯಬಿಡಬೇಕು. ಅಷ್ಟರಿಂದಲೇ ಲೋಳೆ ಹೋಗದು; ಆಗಾಗ ಔಷಧಿ ಹಾಕಿ ಕೊಳವೆ ಶುದ್ಧ ಮಾಡಬೇಕು, ನೀರನ್ನು ಪರೀಕ್ಷೆ ಮಾಡಿಸಬೇಕು. ಅಮೆರಿಕದ ಮಾರ್ಗಸೂಚಿಯಂತೆ ಒಂದು ಮಿಲಿಲೀಟರ್ ನೀರಿನಲ್ಲಿ ಬ್ಯಾಕ್ಟೀರಿಯಾ ಎಣಿಕೆ 500 ಮೀರಬಾರದು. ಮೂಳೆ ಕೊರೆಯುವಂಥ ಶಸ್ತ್ರಚಿಕಿತ್ಸೆಗಂತೂ ಕ್ರಿಮಿರಹಿತ ನೀರೇ ಆಗಬೇಕು.

ಹೆದರಿ ಚಿಕಿತ್ಸೆ ಬಿಡುವುದು ಬೇಡ, ಹುಳುಕು ಹಲ್ಲು ಅದಕ್ಕಿಂತ ಅಪಾಯ. ಆದರೆ ಪ್ರಾಯದವರನ್ನು, ಮಕ್ಕಳನ್ನು ಕರೆದೊಯ್ಯುವವರು ‘ಡಾಕ್ಟ್ರೇ, ಪೈಪು ಕ್ಲೀನ್ ಮಾಡಿದ್ದು ಯಾವಾಗ?’ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.