ನಿಮಗಿದು ಗೊತ್ತೇ? ದಿನಾ ಹೊಸ ವರ್ಷ ಬರುತ್ತಿದ್ದ ದ್ವೀಪ!

ವರ್ಷಕ್ಕೊಮ್ಮೆ ಬರುವ ಹೊಸ ವರ್ಷ ದಿನಾ ರಾತ್ರಿ ಬಂದರೆ ಹೇಗಿರುತ್ತೆ? ಅಮೆರಿಕದ ಫ್ಲಾರಿಡಾದಲ್ಲಿ ನಿಜಕ್ಕೂ ಬರುತ್ತಿತ್ತು! ವಾಲ್ಟ್ ಡಿಸ್ನಿ ವರ್ಲ್ಡ್‌ನ ‘ಪ್ಲೆಷರ್ ಐಲ್ಯಾಂಡ್’ನಲ್ಲಿ 1990ರಿಂದ 2005ರ ಕೊನೆವರೆಗೆ ಪ್ರತಿ ರಾತ್ರಿಯೂ ಡಿಸೆಂಬರ್ 31. ಕೌಂಟ್‌ಡೌನ್, ಪಟಾಕಿ, ಬಣ್ಣದ ಕಾಗದದ ಚೂರುಗಳ ಸುರಿಮಳೆ, ಯಾವುದಕ್ಕೂ ಕೊರತೆಯಿಲ್ಲ. ಲೆಕ್ಕ ಹಾಕಿ ನೋಡಿ, ಇಂಥ ಹೊಸ ವರ್ಷಗಳ ಸಂಖ್ಯೆ ಐದು ಸಾವಿರ ದಾಟುತ್ತದೆ!

ಡಿಸ್ನಿ ಅಂದರೆ ಮಕ್ಕಳ ಲೋಕ ಅಂದುಕೊಂಡಿರಾ? ಸುಮಾರು ಆರು ಎಕರೆಯ ಈ ದ್ವೀಪ ಮಾತ್ರ ದೊಡ್ಡವರದು. ಡಾನ್ಸಿಗೊಂದು ಕ್ಲಬ್, ನಗಿಸುವುದಕ್ಕೊಂದು ಕ್ಲಬ್, ಎಪ್ಪತ್ತರ ದಶಕದ ಹಾಡಿಗೇ ಒಂದು ಕ್ಲಬ್! ಮಕ್ಕಳು ಮಲಗುವ ಹೊತ್ತಿಗೆ ಇಲ್ಲಿ ಭರಾಟೆ ಶುರು.

ಇದು ಬಾಗಿಲು ತೆರೆದದ್ದು 1989ರ ಮೇ 1ರಂದು. ಅದೇ ದಿನ ಡಿಸ್ನಿ-ಎಂಜಿಎಂ ಸ್ಟುಡಿಯೋಸ್ ಎಂಬ ಇಡೀ ಥೀಮ್ ಪಾರ್ಕ್ ಕೂಡ ಶುರುವಾಯಿತು. ಒಂದೇ ದಿನ ಎರಡು ಉದ್ಘಾಟನೆ!

ಈ ದ್ವೀಪಕ್ಕೊಬ್ಬ ಮೂಲಪುರುಷನೂ ಇದ್ದ. ಹೆಸರು ಮೆರಿವೆದರ್ ಪ್ಲೆಷರ್. 1911ರಲ್ಲಿ ಇಲ್ಲಿಗೆ ಬಂದ, ಹಾಯಿಬಟ್ಟೆಯ ಕಾರ್ಖಾನೆ ಕಟ್ಟಿದ, 1941ರಲ್ಲಿ ಸಮುದ್ರಕ್ಕೆ ಹೋದವನು ಮರಳಲೇ ಇಲ್ಲ. ಅವನ ಕಥೆಯನ್ನು ಕಟ್ಟಡಗಳ ಗೋಡೆಯ ಫಲಕಗಳಲ್ಲೂ ಬರೆದಿದ್ದರು. ಪಾಪ, ಅನ್ನಿಸಿತೇ? ತಾಳಿ, ಆತ ಹುಟ್ಟಿಯೇ ಇರಲಿಲ್ಲ! ಎಲ್ಲವೂ ಡಿಸ್ನಿಯವರು ಹೆಣೆದ ಕಟ್ಟುಕಥೆ.

ಡಿಸ್ನಿಯ 1940ರ ‘ಪಿನೋಕಿಯೊ’ ಚಿತ್ರದಲ್ಲೂ ಇದೇ ಹೆಸರಿನ ದ್ವೀಪವಿದೆ. ಅಲ್ಲಿ ಮಜಾ ಮಾಡಲು ಹೋದ ಹುಡುಗರು ಕತ್ತೆಗಳಾಗುತ್ತಾರೆ! ಆದರೂ ಜನ ಹಿಂಜರಿಯಲಿಲ್ಲ ನೋಡಿ!

‘ಮ್ಯಾನಿಕ್ವಿನ್ಸ್’ ಎಂಬ ಕ್ಲಬ್‌ನಲ್ಲಿ ಕುಣಿಯಲು ಬಾರದವರಿಗೂ ಚಿಂತೆಯಿರಲಿಲ್ಲ. ಡಾನ್ಸ್ ಫ್ಲೋರೇ ತಿರುಗುತ್ತಿತ್ತು! ಕೈಕಟ್ಟಿ ನಿಂತವರೂ ನಿಂತಲ್ಲೇ ಒಂದು ಸುತ್ತು ಮುಗಿಸುತ್ತಿದ್ದರು. ಸುತ್ತ ವೇಷ ತೊಟ್ಟ ಬೊಂಬೆಗಳ ಸಾಲು ಬೇರೆ.

ಇನ್ನೊಂದು ಕ್ಲಬ್ ಆರಂಭವಾದದ್ದು ಗಾಲಿ ಸ್ಕೇಟ್ ಕಟ್ಟಿಕೊಂಡು ಓಡಾಡುವ ಜಾಗವಾಗಿ. ಕೆಲವೇ ಕಾಲದಲ್ಲಿ ಗಾಲಿಗಳು ಹೋದವು, ‘ರಾಕ್ ಅಂಡ್ ರೋಲ್ ಬೀಚ್ ಕ್ಲಬ್’ ಬಂತು!

ಎಲ್ಲಕ್ಕಿಂತ ವಿಚಿತ್ರ ‘ಅಡ್ವೆಂಚರರ್ಸ್ ಕ್ಲಬ್’. ಅದರ ಒಳಗೆ ಕಾಲಿಟ್ಟರೆ 1937ರ ಡಿಸೆಂಬರ್ 31! ಅಂದರೆ ಹೊರಗೊಂದು ಹೊಸ ವರ್ಷ, ಒಳಗೊಂದು ಹೊಸ ವರ್ಷ. ಗೋಡೆಯ ಮುಖವಾಡಗಳು ಮಾತಾಡುತ್ತಿದ್ದವು. ಸಾಹಸಿಗಳ ವೇಷದ ನಟರು ಬಂದವರನ್ನೂ ಆಟಕ್ಕೆ ಎಳೆದುಕೊಳ್ಳುತ್ತಿದ್ದರು.

ಆ ಕ್ಲಬ್‌ನ ಬಾರ್‌ನಲ್ಲಿ ಸ್ಟೂಲ್ ಮೇಲೆ ಕೂತಿದ್ದೀರಿ ಅಂದುಕೊಳ್ಳಿ. ಗ್ಲಾಸ್ ಎತ್ತುತ್ತೀರಿ, ಹರಟುತ್ತೀರಿ. ಕೊಂಚ ಹೊತ್ತಿಗೆ ಕೌಂಟರ್ ನಿಮ್ಮ ಗದ್ದದ ಹತ್ತಿರ ಬಂದಿದೆ! ಕೌಂಟರ್ ಏರಿಲ್ಲ ಸ್ವಾಮಿ, ನಿಮ್ಮ ಸ್ಟೂಲೇ ಮೆಲ್ಲಗೆ ಕೆಳಗಿಳಿದಿದೆ! ಬಾರ್‌ನವರ ತುಂಟಾಟ ಅದು.

ಈ ಕ್ಲಬ್‌ನ ಕಲ್ಪನೆಗೆ ರೂಪ ಕೊಟ್ಟವರಲ್ಲೊಬ್ಬರು ಜೋ ರೋಡಿ. ಮುಂದೆ ಜೀವಂತ ಆನೆ, ಜಿರಾಫೆಗಳಿರುವ ಡಿಸ್ನಿಯ ‘ಅನಿಮಲ್ ಕಿಂಗ್‌ಡಮ್’ ವಿನ್ಯಾಸದ ಮುಂದಾಳೂ ಇವರೇ!

2008ರ ಸೆಪ್ಟೆಂಬರ್ 27ರ ರಾತ್ರಿ ಕ್ಲಬ್‌ಗಳ ಮೋಜಿಗೆ ತೆರೆ ಬಿತ್ತು. ಅಡ್ವೆಂಚರರ್ಸ್ ಕ್ಲಬ್ ಮಾತ್ರ ಖಾಸಗಿ ಪಾರ್ಟಿಗಳ ನೆಪದಲ್ಲಿ 2009ರವರೆಗೂ ಉಸಿರಾಡಿತು. ಈಗ ಆ ಜಾಗ ‘ಡಿಸ್ನಿ ಸ್ಪ್ರಿಂಗ್ಸ್’ನ ಅಂಗಡಿ-ಹೋಟೆಲುಗಳ ಸಾಲು.

2015ರಲ್ಲಿ ಅಲ್ಲೊಂದು ಬಾರ್ ತೆರೆಯಿತು. ಹೆಸರು ಜಾಕ್ ಲಿಂಡ್ಸೆಯದು. ಯಾರೀತ? ಇಂಡಿಯಾನಾ ಜೋನ್ಸ್ ಸಿನಿಮಾದ ಪೈಲಟ್! ಅಲ್ಲಿನ ಅಲಂಕಾರದಲ್ಲಿ ಹಳೆಯ ಅಡ್ವೆಂಚರರ್ಸ್ ಕ್ಲಬ್‌ನ ಕುರುಹುಗಳೂ ಸಿಗುತ್ತವೆ. ನಿಜವಾಗಿ ಇದ್ದ ಕ್ಲಬ್ಬನ್ನು ಇಲ್ಲದ ಪೈಲಟ್ ನೆನಪಿಟ್ಟುಕೊಂಡಿದ್ದಾನೆ!