ಅಲ್ಪವಿರಾಮ ಮತ್ತು ಅರ್ಥ: ರಷ್ಯನ್ ಭಾಷಿಕರ ಇಂಗ್ಲಿಷ್ ಕಲಿಕೆಯ ಕೆಲವು ತೊಡಕುಗಳು

ಎರಡನೆಯ ಭಾಷೆಯೊಂದನ್ನು ಕಲಿಯಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ತಮ್ಮ ಮೊದಲ ಭಾಷೆಯ ನಿಯಮಗಳನ್ನು ಹೊತ್ತೇ ಬರುತ್ತಾರೆ. 1957ರಲ್ಲಿ ಪ್ರಕಟವಾದ ರಾಬರ್ಟ್ ಲಾಡೋ ಅವರ 'ಲಿಂಗ್ವಿಸ್ಟಿಕ್ಸ್ ಅಕ್ರಾಸ್ ಕಲ್ಚರ್ಸ್' ಕೃತಿಯು ಈ ಸಂಗತಿಯನ್ನೇ ವ್ಯತಿರೇಕಿ ವಿಶ್ಲೇಷಣೆಯ ತಳಹದಿಯನ್ನಾಗಿಸಿತು. ಕಲಿಯುವವರ ತಪ್ಪುಗಳು ಅವರೊಳಗೆ ರೂಪುಗೊಳ್ಳುತ್ತಿರುವ ಭಾಷಾವ್ಯವಸ್ಥೆಗೆ ಸಾಕ್ಷ್ಯವೆಂದು ಪಿಟ್ ಕಾರ್ಡರ್ 1967ರಲ್ಲಿ ವಾದಿಸಿದರು. ಈ ದೃಷ್ಟಿಯನ್ನು ನಾವು ಸಾಮಾನ್ಯವಾಗಿ ಉಚ್ಚಾರಣೆ ಹಾಗೂ ವಾಕ್ಯರಚನೆಗಳಿಗೆ ಅನ್ವಯಿಸುತ್ತೇವೆ. ಲೇಖನ ಚಿಹ್ನೆಗಳ ತಪ್ಪನ್ನು ಮಾತ್ರ ಅಜಾಗರೂಕತೆಯೆಂದು ತಳ್ಳಿಹಾಕುತ್ತೇವೆ. ಈ ಧೋರಣೆ ಸರಿಯಲ್ಲವೆಂಬುದನ್ನು ಇಂಗ್ಲಿಷ್ ಕಲಿಯುವ ರಷ್ಯನ್ ಭಾಷಿಕರ ನಿದರ್ಶನದ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಷ್ಯನ್ನಿನಲ್ಲಿ ಅಲ್ಪವಿರಾಮವು ಪ್ರಧಾನವಾಗಿ ವಾಕ್ಯರಚನೆಯ ಗುರುತು. 1956ರಲ್ಲಿ ಅಧಿಕೃತವಾಗಿ ಪ್ರಕಟವಾದ ಕಾಗುಣಿತ ಹಾಗೂ ಲೇಖನ ಚಿಹ್ನೆಗಳ ನಿಯಮಾವಳಿಯು ಅದರ ಬಳಕೆಯನ್ನು ವಿವರವಾಗಿ ನಿಗದಿಪಡಿಸಿದೆ. ಅಧೀನ ವಾಕ್ಯವನ್ನು ಪ್ರಧಾನ ವಾಕ್ಯದಿಂದ ಅಲ್ಪವಿರಾಮದಿಂದ ಬೇರ್ಪಡಿಸುವುದು ಅಲ್ಲಿ ಶಾಲೆಯಲ್ಲಿಯೇ ಕಲಿಸುವ ನಿಯಮ. ಆದ್ದರಿಂದ ಇಂಗ್ಲಿಷಿನ 'ದಟ್' ಎಂಬುದಕ್ಕೆ ಸಂವಾದಿಯಾದ 'ಶ್ತೊ' ಪದದ ಹಿಂದೆ ಅಲ್ಪವಿರಾಮ ಬರುತ್ತದೆ. ಈ ಅಭ್ಯಾಸವುಳ್ಳವರು 'ಐ ನೋ, ದಟ್ ಹಿ ಈಸ್ ಹಿಯರ್' ಎಂದು ಬರೆದರೆ ಅದು ಅಜಾಗರೂಕತೆಯ ಫಲವಲ್ಲ, ನಿಯಮಪಾಲನೆಯ ಫಲ. ಇಂಗ್ಲಿಷಿನಲ್ಲಿ ಆ ಅಲ್ಪವಿರಾಮಕ್ಕೆ ಸ್ಥಾನವಿಲ್ಲ.

ಸಂಬಂಧಾರ್ಥಕ ಉಪವಾಕ್ಯದಲ್ಲಿ ಈ ಭೇದವು ಅರ್ಥವನ್ನೇ ಮುಟ್ಟುತ್ತದೆ. 'ಮೈ ಬ್ರದರ್ ಹು ಲಿವ್ಸ್ ಇನ್ ಮಾಸ್ಕೋ ಈಸ್ ಎ ಡಾಕ್ಟರ್' ಎಂಬಲ್ಲಿ ಅಲ್ಪವಿರಾಮವಿಲ್ಲದಿದ್ದರೆ, ಹಲವು ಸಹೋದರರ ಪೈಕಿ ಮಾಸ್ಕೋದಲ್ಲಿರುವವನು ಎಂಬ ಅರ್ಥ ಬರುತ್ತದೆ. ಉಪವಾಕ್ಯದ ಎರಡೂ ಬದಿಗೆ ಅಲ್ಪವಿರಾಮವಿದ್ದರೆ ಅದು ಸಹೋದರನ ಬಗೆಗಿನ ಹೆಚ್ಚುವರಿ ಮಾಹಿತಿಯಷ್ಟೇ ಆಗುತ್ತದೆ. ಅವನು ಯಾರೆಂಬುದು ಆಗಲೇ ನಿಶ್ಚಿತ. ರಷ್ಯನ್ನಿನ 'ಕತೋರಿ' ಉಪವಾಕ್ಯಕ್ಕೆ ಎರಡೂ ಅರ್ಥಗಳಲ್ಲಿ ಅಲ್ಪವಿರಾಮ ಬೇಕೇಬೇಕು. ಎಲ್ಲೆಡೆ ಇರುವ ಗುರುತು ಎರಡು ಅರ್ಥಗಳನ್ನು ಬೇರ್ಪಡಿಸಲಾರದು.

ಇಲ್ಲಿ ಕನ್ನಡದೊಡನೆ ಹೋಲಿಕೆ ಉಪಯುಕ್ತ. 'ಮಾಸ್ಕೋದಲ್ಲಿರುವ ನನ್ನ ಅಣ್ಣ ವೈದ್ಯ' ಎಂಬ ವಾಕ್ಯದಲ್ಲಿ ಕೃದಂತ ವಿಶೇಷಣವು ನಾಮಪದಕ್ಕೆ ಮೊದಲೇ ಬರುವುದರಿಂದ ಅಲ್ಪವಿರಾಮದ ಪ್ರಶ್ನೆಯೇ ಏಳುವುದಿಲ್ಲ; ಅಣ್ಣ ಒಬ್ಬನೋ ಹಲವರೋ ಎಂಬುದನ್ನು ಸಂದರ್ಭವೇ ತಿಳಿಸಬೇಕು. ಹೀಗೆ ಇಂಗ್ಲಿಷ್ ಚಿಹ್ನೆಯ ಮೂಲಕ ಮಾಡುವ ಭೇದವನ್ನು ಕನ್ನಡವೂ ರಷ್ಯನ್ನೂ ಚಿಹ್ನೆಯ ಮೂಲಕ ಮಾಡುವುದಿಲ್ಲ. ಆದರೆ ತಪ್ಪಿನ ರೂಪ ಬೇರೆಯಾಗುವ ಸಂಭವವಿದೆ: ರಷ್ಯನ್ ಭಾಷಿಕರು ಬೇಡದೆಡೆ ಚಿಹ್ನೆಯನ್ನು ಹಾಕಬಹುದು, ಕನ್ನಡಿಗರು ಬೇಕಾದೆಡೆ ಬಿಡಬಹುದು. ಇಬ್ಬರಿಗೂ ಒಂದೇ ಸೂಚನೆಯನ್ನಿತ್ತರೆ ಪ್ರಯೋಜನವಾಗದು.

ಎರಡು ಸ್ವತಂತ್ರ ವಾಕ್ಯಗಳನ್ನು ಸಂಯೋಜಕ ಪದವಿಲ್ಲದೆ ಕೇವಲ ಅಲ್ಪವಿರಾಮದಿಂದ ಜೋಡಿಸುವುದು ರಷ್ಯನ್ನಿನಲ್ಲಿ ಶಿಷ್ಟಸಮ್ಮತ. ಇಂಗ್ಲಿಷಿನ ಔಪಚಾರಿಕ ಬರವಣಿಗೆಯಲ್ಲಿ ಅದು ಸಾಮಾನ್ಯವಾಗಿ ದೋಷವೆನಿಸುತ್ತದೆ. 'ದ ಸನ್ ಸೆಟ್' ಮತ್ತು 'ಇಟ್ ಬಿಕೇಮ್ ಕೋಲ್ಡ್' ಎಂಬುವುಗಳ ನಡುವೆ ಅರ್ಧವಿರಾಮವೋ ಪೂರ್ಣವಿರಾಮವೋ 'ಆಂಡ್' ಸಹಿತವಾದ ಅಲ್ಪವಿರಾಮವೋ ಬೇಕು. ಅಂಕೆಗಳಲ್ಲಿಯೂ ಎಚ್ಚರ ಅಗತ್ಯ. ರಷ್ಯನ್ನಿನಲ್ಲಿ ದಶಾಂಶವನ್ನು ಅಲ್ಪವಿರಾಮದಿಂದ ಸೂಚಿಸುವುದರಿಂದ ಅಲ್ಲಿಯ 3,14 ಇಂಗ್ಲಿಷಿನಲ್ಲಿ 3.14 ಆಗಬೇಕು. ಇಲ್ಲವಾದರೆ ರಷ್ಯನ್ ಓದುಗರಿಗೆ ಎರಡಕ್ಕಿಂತ ತುಸು ಹೆಚ್ಚಾದ 2,125 ಎಂಬ ಸಂಖ್ಯೆ ಇಂಗ್ಲಿಷ್ ಓದುಗರಿಗೆ ಎರಡು ಸಾವಿರದ ನೂರ ಇಪ್ಪತ್ತೈದಾದೀತು.

ಚಿಹ್ನೆ ಮತ್ತು ವ್ಯಾಕರಣಗಳು ಬೇರ್ಪಡಿಸಲಾಗದಂತೆ ಬೆಸೆದಿರುವುದಕ್ಕೆ ಅಡ್ಡಗೆರೆಯು ಉತ್ತಮ ನಿದರ್ಶನ. ರಷ್ಯನ್ನಿನ ವರ್ತಮಾನಕಾಲದಲ್ಲಿ ಇಂಗ್ಲಿಷಿನ 'ಈಸ್' ಎಂಬುದಕ್ಕೆ ಸಮಾನವಾದ ಕ್ರಿಯಾಪದವನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಕರ್ತೃ ಹಾಗೂ ಆಖ್ಯಾತಗಳೆರಡೂ ನಾಮಪದಗಳಾಗಿದ್ದಾಗ ಆ ತೆರವಿನಲ್ಲಿ ಅಡ್ಡಗೆರೆ ಬರುತ್ತದೆ: 'ಮೊಯ್ ಬ್ರಾತ್ — ವ್ರಾಚ್'. ಕನ್ನಡದ 'ನನ್ನ ಅಣ್ಣ ವೈದ್ಯ' ಎಂಬಲ್ಲಿಯೂ ಕ್ರಿಯಾಪದವಿಲ್ಲ, ಆದರೆ ಆ ತೆರವನ್ನು ನಾವು ಗುರುತಿಸುವುದಿಲ್ಲ. ರಷ್ಯನ್ ಭಾಷಿಕರಿಗೆ ಕಲಿಸುವ ಅಧ್ಯಾಪಕರು ಈ ಅಡ್ಡಗೆರೆಯನ್ನೇ ಆಧಾರವಾಗಿಟ್ಟುಕೊಂಡು 'ಗೆರೆ ಇದ್ದೆಡೆ ಈಸ್' ಎಂದು ಆರಂಭಿಸಬಹುದು. ಕರ್ತೃವು ಸರ್ವನಾಮವಾಗಿದ್ದಾಗ ಸಾಮಾನ್ಯವಾಗಿ ಗೆರೆಯೂ ಇರುವುದಿಲ್ಲವಾದ್ದರಿಂದ ಅಂತಹ ವಾಕ್ಯಗಳಿಗೆ ಪ್ರತ್ಯೇಕ ಅಭ್ಯಾಸ ಬೇಕು.

'ಎ', 'ದ' ಎಂಬ ಆರ್ಟಿಕಲ್‌ಗಳ ವಿಷಯವೂ ಇಂತಹುದೇ. ರಷ್ಯನ್ನಿನಲ್ಲಿ ಅವು ಇಲ್ಲವೆಂದ ಮಾತ್ರಕ್ಕೆ ನಿಶ್ಚಿತ-ಅನಿಶ್ಚಿತಗಳ ಪರಿಜ್ಞಾನವಿಲ್ಲವೆಂದಲ್ಲ. ಅದನ್ನು ಅಲ್ಲಿ ಪದಕ್ರಮವು ಅನೇಕ ವೇಳೆ ನಿರ್ವಹಿಸುತ್ತದೆ: 'ಮನುಷ್ಯ' ಎಂಬ ಪದ ವಾಕ್ಯದ ಆದಿಯಲ್ಲಿದ್ದರೆ ಪರಿಚಿತನಾದ ವ್ಯಕ್ತಿ, ಅಂತ್ಯದಲ್ಲಿದ್ದರೆ ಹೊಸದಾಗಿ ಕಾಣಿಸಿಕೊಂಡ ಒಬ್ಬ ವ್ಯಕ್ತಿ. ಕನ್ನಡದಲ್ಲಿ 'ಒಬ್ಬ', 'ಆ' ಮೊದಲಾದ ಪದಗಳೊಂದಿಗೆ ವಿಭಕ್ತಿಪ್ರತ್ಯಯವೂ ಈ ಕಾರ್ಯದಲ್ಲಿ ಪಾಲುಗೊಳ್ಳುತ್ತದೆ. 'ಪುಸ್ತಕ ಓದಿದೆ', 'ಪುಸ್ತಕವನ್ನು ಓದಿದೆ' ಎಂಬುವುಗಳ ಅಂತರವನ್ನು ಗಮನಿಸಬಹುದು. ಹೀಗಾಗಿ ಆರ್ಟಿಕಲ್ ಕಲಿಸುವುದೆಂದರೆ ಹೊಸ ಪರಿಕಲ್ಪನೆಯನ್ನು ಕೊಡುವುದಲ್ಲ, ಇರುವ ಪರಿಕಲ್ಪನೆಗೆ ಹೊಸ ಗುರುತನ್ನು ತೋರಿಸುವುದು.

ಮೇಲಿನ ಪರಿಶೀಲನೆಯಿಂದ ತಿಳಿಯುವುದಿಷ್ಟು: ಒಂದೇ ತೆರನಾಗಿ ಕಾಣುವ ತಪ್ಪಿನ ಹಿಂದೆ ಬೇರೆ ಬೇರೆ ಭಾಷೆಗಳ ಬೇರೆ ಬೇರೆ ನಿಯಮಗಳಿರಬಹುದು. ಕನ್ನಡೇತರರಿಗೆ ಕನ್ನಡ ಕಲಿಸುವ ನಮಗೂ ಇದು ಅನ್ವಯಿಸುತ್ತದೆ. ಎಲ್ಲ ಭಾಷಿಕರಿಗೂ ತಪ್ಪುಗಳ ಒಂದೇ ಪಟ್ಟಿಯನ್ನು ಮುಂದಿಡುವ ಪಠ್ಯವು ತಪ್ಪನ್ನು ಗುರುತಿಸೀತು, ಅದರ ಮೂಲವನ್ನು ಗುರುತಿಸಲಾರದು. ಕೆಂಪು ಶಾಯಿಯ ಗೆರೆಯೆಳೆಯುವ ಮುನ್ನ ವಿದ್ಯಾರ್ಥಿಯು ಯಾವ ಭಾಷೆಯ ಯಾವ ನಿಯಮವನ್ನು ಪಾಲಿಸುತ್ತಿದ್ದಾನೆ ಅಥವಾ ಪಾಲಿಸುತ್ತಿದ್ದಾಳೆ ಎಂದು ಕೇಳಿಕೊಳ್ಳುವುದು ಭಾಷಾಬೋಧಕರ ಮೊದಲ ಕರ್ತವ್ಯವಾಗಿದೆ.