ಪರದೆಯ ಮುಂದಿನ ಜವಾರಿ ಹಾಡು

ಜಾತ್ರೆಯ ತಗಡಿನ ಥಿಯೇಟರು. ಅಣ್ಣ-ತಮ್ಮಂದಿರ ಜಗಳ, ತಾಯಿಯ ಅಳು ಮುಗಿದು ಮುಂದಿನ ಪರದೆ ಬೀಳುತ್ತದೆ. ಹಿಂದೆ ಮನೆಯ ಸೀನು ತೆಗೆದು ಹೊಲದ ಸೀನು ಕಟ್ಟಬೇಕು. ಅಷ್ಟು ಹೊತ್ತು ಆಟವನ್ನು ಹಿಡಿದು ನಿಲ್ಲಿಸುವವನು ಹಾಸ್ಯನಟ. ಕಾಲುಪೇಟಿ ಧಾಟಿ ಬದಲಿಸುತ್ತದೆ, ತಬಲಾ ಚುರುಕಾಗುತ್ತದೆ. ಅವನು ಜೋಡಿ ನಟಿಯ ಎದುರು ನಿಂತು, ನಮ್ಮ ಓಣಿಯ ಮಾತಿನಲ್ಲೇ ಹಾಡು ಎತ್ತುತ್ತಾನೆ. ಪದ ಮುಗಿಯುವಷ್ಟರಲ್ಲಿ ಸೀಟಿ, ‘ವನ್ಸ್ ಮೋರ್’.

ಕಂಪನಿ ನಾಟಕದ ಈ ಕಲೆಗೆ ಗದಗ-ಶಿರಹಟ್ಟಿ ಸೀಮೆಯ ಋಣ ದೊಡ್ಡದು. ಮರಾಠಿ ನಾಟಕಗಳು ಮೆರೆಯುತ್ತಿದ್ದ 1870ರ ದಶಕದಲ್ಲಿ ಶಾಂತಕವಿಗಳು ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಮುಂದೆ ಶಿರಹಟ್ಟಿ ವೆಂಕೋಬರಾಯರ ಕಂಪನಿ ತನ್ನೂರಿನ ಹೆಸರನ್ನು ಊರೂರಿಗೆ ಒಯ್ದಿತು. ಗರೂಡ ಸದಾಶಿವರಾಯರು ದತ್ತಾತ್ರೇಯ ನಾಟಕ ಮಂಡಳಿ ನಡೆಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳಂತೂ ಅಂಧ ಮಕ್ಕಳ ಅನ್ನ, ವಿದ್ಯೆಗಾಗಿ ನಾಟಕ ಕಂಪನಿಯನ್ನೇ ಸಾಕಿದರು.

ಪೌರಾಣಿಕ ನಾಟಕದಲ್ಲಿ ರಾಜ-ರಾಣಿಯರದು ಗ್ರಾಂಥಿಕ ಕನ್ನಡ. ರೈತ, ಹಮಾಲ, ಸಂತೆಯ ಹೆಂಗಸು ದಿನಾ ಆಡುವ ಮಾತನ್ನು ರಂಗದ ಮೇಲೆ ಉಳಿಸಿಕೊಂಡವನು ಹಾಸ್ಯನಟ. ಮುಂದೆ ಪಿ.ಬಿ. ಧುತ್ತರಗಿಯಂಥವರ ಸಾಮಾಜಿಕ ನಾಟಕಗಳು ಬಂದಾಗ ಆ ಮಾತಿಗೆ ಇಡೀ ರಂಗವೇ ತೆರೆದುಕೊಂಡಿತು. ಕ್ಯಾಂಪು ಹಾಕಿದ ಊರಿನ ಓಣಿ, ಮಳೆ, ಉಳ್ಳಾಗಡ್ಡಿ ರೇಟು ಆ ರಾತ್ರಿಯ ಸಂಭಾಷಣೆಯಲ್ಲಿ ಸೇರಿರುತ್ತವೆ. ಇವತ್ತು ನಗಿಸಿದ ಮಾತು ನಾಳಿನ ಊರಿನಲ್ಲಿ ನಗಿಸಲಿಕ್ಕಿಲ್ಲ. ಹಾಗಾಗಿ ಬಾಯಿಪಾಠವೊಂದೇ ಸಾಲದು, ಜನರ ನಾಡಿ ಗೊತ್ತಿರಬೇಕು.

ನಮ್ಮ ಕಾಲದಲ್ಲಿ ಈ ವಿದ್ಯೆಯ ದೊಡ್ಡ ಹೆಸರು ವಿಜಯಪುರ ಜಿಲ್ಲೆಯ ರಾಜು ತಾಳಿಕೋಟಿ. ಅವರ ‘ಕಲಿಯುಗದ ಕುಡುಕ’ ನಾಟಕ ಕ್ಯಾಸೆಟ್ಟಿನಲ್ಲೂ ಮನೆಮನೆ ಹೊಕ್ಕಿತು. ‘ಮನಸಾರೆ’ (2009), ‘ಪಂಚರಂಗಿ’ (2010) ಚಿತ್ರಗಳಿಗೂ ಅವರು ಅದೇ ಮಾತನ್ನು ಕೊಂಡೊಯ್ದರು. ಅವರಂಥ ಕಂಪನಿ ಕಲಾವಿದರೊಬ್ಬರು ಧಾರವಾಡ ರಂಗಾಯಣದ ನಿರ್ದೇಶಕರಾದದ್ದು ಇಡೀ ವೃತ್ತಿರಂಗಭೂಮಿಗೆ ಸಂದ ಮರ್ಯಾದೆ. 2025ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಉತ್ತರ ಕರ್ನಾಟಕ ತನ್ನ ಮನೆಯವರನ್ನೇ ಕಳೆದುಕೊಂಡಂತೆ ಅತ್ತಿತು.

ಟಿ.ವಿ., ಮೊಬೈಲಿನ ಪೈಪೋಟಿಯಲ್ಲಿ ಎಷ್ಟೋ ಕಂಪನಿಗಳು ದ್ವಂದ್ವಾರ್ಥದ ಮಾತಿಗೆ ಇಳಿದವು. ಹೆಂಗಸರು, ಮಕ್ಕಳು ಹಿಂದೆ ಸರಿದರು. ಅದು ಈ ಕಲೆಯ ಸಹಜ ಗುಣವಲ್ಲ, ಬದುಕುವ ಒತ್ತಡ ತಂದಿಟ್ಟ ರೋಗ. ಜವಾರಿ ಮಾತಿಗೆ ಅಶ್ಲೀಲದ ನೆರವಿಲ್ಲದೆ ನಗಿಸುವ ತಾಕತ್ತಿದೆ; ಗಂಡ-ಹೆಂಡತಿಯ ಜಗಳ, ಸಾಲಗಾರನ ನೆಪ, ಕುಡುಕನ ತತ್ವಜ್ಞಾನ ಇಷ್ಟೇ ಸಾಕು.

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಕಂಪನಿಗಳು ಸಾಲಾಗಿ ಬಿಡಾರ ಹೂಡುತ್ತವೆ. ಮನೆಮಂದಿಯೊಂದಿಗೆ ಟಿಕೆಟ್ ಕೊಂಡು ನೋಡಬೇಕು. ನೋಡಿದರಷ್ಟೇ ಸಾಲದು, ಉಳಿಸಿಕೊಳ್ಳಲೂ ಬೇಕು. ಅಚ್ಚಾದ ನಾಟಕದ ಪುಸ್ತಕದಲ್ಲಿ ಹಾಸ್ಯನಟನ ಹಾಡು, ಆಶುಮಾತು ಸಿಗುವುದು ಅಪರೂಪ. ಅವು ಇರುವುದು ಹಿರಿಯ ಕಲಾವಿದರ ನಾಲಿಗೆಯ ಮೇಲೆ. ರಂಗಾಯಣ, ನಾಟಕ ಅಕಾಡೆಮಿ, ವಿಶ್ವವಿದ್ಯಾಲಯಗಳು ಅವರ ಮನೆ ಬಾಗಿಲಿಗೆ ಹೋಗಿ, ಸಂಭಾವನೆ ಕೊಟ್ಟು, ಅವನ್ನೆಲ್ಲ ಧ್ವನಿಮುದ್ರಿಸಿಕೊಳ್ಳಲಿ. ಈ ಕೆಲಸಕ್ಕೆ ತಡವಾದಷ್ಟೂ ನಷ್ಟ ಕನ್ನಡದ್ದು.